ಹನ್ನೊಂದನೇ ನಿಮಿಷದ ಬೊಟ್ಟು

ಚಿದಾನಂದ್ ಗೇಟಿನ ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಅನಂತರಾಮು ಒಳಗಿನಿಂದ ಅದನ್ನು ಅದುಮಿ ಹಿಡಿದ.

"ತಾವು ಇಲ್ಲಿಗ್ಯಾಕೆ ಬಂದ್ರಿ?"

"ಬದ್ರಿ ಸಾರ್‌ನ ನೋಡೋಕೆ."

"ನೋಡೋ ಹಾಗಿದ್ದಿದ್ರೆ ಭಾವ ಇದ್ದಾಗ ಬರ್ಬೇಕಿತ್ತು. ಹದಿಮೂರು ವರ್ಷ ಇಲ್ಲದ ಪ್ರೀತಿ ಇವತ್ತು ಎಲ್ಲಿಂದ ಉಕ್ತಾ ಇದೆ?"

ಚಿದಾನಂದ್ ಬಾಳೆ ಎಲೆಯಲ್ಲಿ ಸುತ್ತಿದ್ದ ತುಳಸಿ ಹಾರವನ್ನು ಎದೆಗೆ ಒತ್ತಿಕೊಂಡು ಏಪ್ರಿಲ್ ಬಿಸಿಲಿನಲ್ಲಿ ಹಾಗೇ ನಿಂತ. ಜಯನಗರ ಒಂಬತ್ತನೇ ಬ್ಲಾಕಿನ ಆ ಅಡ್ಡರಸ್ತೆಯಲ್ಲಿ ಸಾವಿಗೆ ಬಂದವರಿಗಿಂತ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದವರೇ ಹೆಚ್ಚು. ಅವರೂ ಈಗ ಕಾರಿನ ಗಾಜು ಇಳಿಸಿ ಇತ್ತ ನೋಡತೊಡಗಿದರು.

ಸತ್ತವರ ಮಗಳು ಮೈತ್ರೇಯಿ ಹೊರಗೆ ಬಂದಳು. "ಮಾವ, ಬಿಡಿ. ಇವತ್ತೊಂದಿನ ಯಾರನ್ನೂ ತಡೀಬೇಡಿ."

"ನಿಮ್ಮಪ್ಪ ಇದ್ದಿದ್ರೆ ಬಿಡ್ತಿದ್ರೇನೆ?"

"ಬಾಯಿಗೆ ಎರಡು ಕಾಳು ಅಕ್ಕಿ ಹಾಕಿ ಹೊರಟುಹೋಗ್ತೀನಮ್ಮ," ಎಂದ ಚಿದಾನಂದ್. "ಬೇರೇನೂ ಬೇಡ."

"ಅಕ್ಕಿ ಹಾಕೋದು ಮನೆಯವರು. ಮನೆಗೆ ಕನ್ನ ಹಾಕಿದವರಲ್ಲ," ಎಂದು ಅನಂತರಾಮು ಎಲ್ಲರಿಗೂ ಕೇಳುವಂತೆಯೇ ಹೇಳಿದ. ಆದರೂ ಮೈತ್ರೇಯಿ ಗೇಟು ತೆಗೆದಳು. ಒಳಗೆ ಕರೆಯಲಿಲ್ಲ, ವರಾಂಡದ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ತೋರಿಸಿದಳು. ಬಂದವನ ಮೇಲೆ ಅವಳಿಗೂ ನಂಬಿಕೆ ಇರಲಿಲ್ಲ.

ಹಾಲ್‌ನಲ್ಲಿ ಗಂಡನ ತಲೆಯ ಬಳಿ ಕುಳಿತಿದ್ದ ಸೀತಮ್ಮನಿಗೆ ಅಷ್ಟೂ ಕೇಳಿಸಿತು. ಹಿಂದಿನ ದಿನ ಊಟಕ್ಕೆ ಕುಳಿತಲ್ಲೇ ಬದರಿನಾಥರು ಗೋಡೆಗೆ ವಾಲಿದ್ದರು. ಸಾರು ಹೆಚ್ಚು ಖಾರವಾಯಿತೇನೋ ಎಂದು ಸೀತಮ್ಮ ನೀರು ತರಲು ಹೋದರು, ಬರುವಷ್ಟರಲ್ಲಿ ಮುಗಿದಿತ್ತು. ಹಿಂದಿನ ಸಾಲಿನಲ್ಲಿ ಪಕ್ಕದ ಮನೆಯ ಹೆಂಗಸರು ಪಿಸುಗುಟ್ಟುತ್ತಿದ್ದರು.

"ಯಾರ್ರೀ ಅದು?"

"ಇವರ ಹಳೇ ಡೀಲರ್ ಅಂತೆ. ಕದ್ದು ಕಾಪಿ ಮಾಡಿ ಮಾರ್ದೋನು."

"ಏನನ್ನ?"

"ಅದೇ, ಜಪಾನ್‌ದು ಬೊಂಬೆ ಸಿನಿಮಾ."

"ಅಯ್ಯೋ, ಅದಕ್ಕೂ ಕಳ್ಳರಿರ್ತಾರಾ?"

*

ಬೊಂಬೆ ಸಿನಿಮಾ ಎಂದವರನ್ನು ಬದರಿನಾಥರು ಸುಮ್ಮನೆ ಬಿಡುತ್ತಿರಲಿಲ್ಲ. "ಅನಿಮೆ ಅನ್ನಿ. ಬೊಂಬೆ ಅಲ್ಲ, ಕಾರ್ಟೂನೂ ಅಲ್ಲ," ಎಂದು ತಿದ್ದುತ್ತಿದ್ದರು. ಹಾಗೆ ನೋಡಿದರೆ ಅವರು ಮೊದಲು ಮಾರುತ್ತಿದ್ದದ್ದು ದೇವರನಾಮದ ಕ್ಯಾಸೆಟ್ಟು. ಮುಂಬೈ ಕಂಪನಿಯೊಂದು ಕ್ಯಾಸೆಟ್ಟಿನ ಜೊತೆ ಜಪಾನಿನ ಡಿಸ್ಕುಗಳನ್ನೂ ತಗೊಳ್ಳಿ ಎಂದು ತಲೆಗೆ ಕಟ್ಟಿದಾಗ, ಹಾಳಾಗಲಿ ಎಂದು ಒಂದು ಪೆಟ್ಟಿಗೆ ಇಳಿಸಿಕೊಂಡಿದ್ದರು. ಒಂದು ಮಧ್ಯಾಹ್ನ ಮೊಸರನ್ನ ಕಲಸುತ್ತ ಅದರಲ್ಲೊಂದನ್ನು ಹಾಕಿ ಕುಳಿತರು. ಡಿಸ್ಕು ಮುಗಿದಾಗ ಮೊಸರನ್ನ ತಟ್ಟೆಯಲ್ಲೇ ಇತ್ತು, ಕೈ ಒಣಗಿತ್ತು, ಕಣ್ಣು ಒದ್ದೆಯಾಗಿತ್ತು. ಐವತ್ತರ ಹತ್ತಿರದ ಗಂಡಸು ಹುಡುಗರು ನೋಡುವುದನ್ನು ನೋಡಿ ಅಳುವುದೆಂದರೇನು ಎಂದು ಸೀತಮ್ಮನಿಗೆ ನಗು ಬಂತು.

ಆಮೇಲೆ ಇಡೀ ಕರ್ನಾಟಕಕ್ಕೆ ಅವರೇ ವಿತರಕರಾದರು. ಕೇಳಲು ದೊಡ್ಡದು, ಅಸಲಿಗೆ ಒಂದು ಸ್ಕೂಟರು, ಎರಡು ಡಬ್ಬ, ವಿಲ್ಸನ್ ಗಾರ್ಡನ್ನಿನಿಂದ ಜೆ.ಪಿ. ನಗರದವರೆಗಿನ ಸುತ್ತಾಟ. ಹೊಸ ಚಿತ್ರ ಬಿಡುಗಡೆಯಾಗುವ ಎರಡು ವಾರ ಮೊದಲು ನಾಲ್ಕು ಜನ ಮುಖ್ಯ ಡೀಲರುಗಳಿಗೆ ಒಂದೊಂದು ಸ್ಯಾಂಪಲ್ ಡಿಸ್ಕ್ ಕೊಡುತ್ತಿದ್ದರು. ನೋಡಿ ಎಷ್ಟು ಬೇಕೆಂದು ಅವರು ಹೇಳಬೇಕು. ವಿಲ್ಸನ್ ಗಾರ್ಡನ್ನಿನಲ್ಲಿ ಸೀತಮ್ಮನ ತಮ್ಮ ಅನಂತರಾಮು, ಮಡಿವಾಳದಲ್ಲಿ ಕೊಟ್ರಪ್ಪ, ಜೆ.ಪಿ. ನಗರದಲ್ಲಿ ಸೀನು, ಬಿ.ಟಿ.ಎಂ.ನಲ್ಲಿ ಚಿದಾನಂದ್. ಮೂವರು ಡಿಸ್ಕ್ ತೆಗೆದುಕೊಂಡು ನೋಡಿದೆವು ಎನ್ನುತ್ತಿದ್ದರು. ಚಿದಾನಂದ್ ಒಬ್ಬ ನಿಜಕ್ಕೂ ನೋಡುತ್ತಿದ್ದ. ಅದೇ ಸಂಜೆ ಫೋನು ಮಾಡುತ್ತಿದ್ದ. ಚಿತ್ರದ ಆ ಹುಡುಗಿ ಸೇತುವೆ ದಾಟಬೇಕಿತ್ತೋ ಬೇಡವೋ ಎಂದು ಇಬ್ಬರೂ ಗಂಟೆಗಟ್ಟಲೆ ಜಗಳವಾಡುತ್ತಿದ್ದರು. ತನ್ನೊಂದಿಗೆ ದಿನಕ್ಕೆ ಹತ್ತು ಮಾತಾಡದ ಗಂಡ ಅವನೊಂದಿಗೆ ಅಷ್ಟು ಹರಟುವುದು ಕಂಡು ಸೀತಮ್ಮನಿಗೆ ಹೊಟ್ಟೆಕಿಚ್ಚು ಆಗುತ್ತಿದ್ದುದೂ ಸುಳ್ಳಲ್ಲ.

ಹದಿಮೂರು ವರ್ಷದ ಹಿಂದೆ ಒಂದು ದಿನ ಬದರಿನಾಥರು, "ಚಿದು ಫೋನ್ ಮಾಡಿದ್ರೆ ನಾನಿಲ್ಲ ಅನ್ನು," ಎಂದರು. ಯಾಕೆಂದು ಕೇಳಿದ್ದಕ್ಕೆ, "ಬೆನ್ನಿಗೆ ಚೂರಿ ಹಾಕ್ದ," ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದರು. ಮಾತು ಡೀಲರುಗಳ ನಡುವೆ ಹರಡಿತು, ಮುಂಬೈಗೂ ಮುಟ್ಟಿತು. ಚಿದಾನಂದನಿಗೆ ಯಾರೂ ಡಿಸ್ಕ್ ಕೊಡಲಿಲ್ಲ. ಗೋಡೆ ತುಂಬ ಅನಿಮೆ ಜೋಡಿಸಿದ್ದ ಅವನ ವಿಡಿಯೋ ಲೈಬ್ರರಿ ಮುಂದಿನ ಯುಗಾದಿಯೊಳಗೆ ಮುಚ್ಚಿತು. ಈಗ ಅಲ್ಲಿ ಅವನದೇ ಜೆರಾಕ್ಸ್ ಅಂಗಡಿ.

ಉಳಿದವರ ಬಾಗಿಲು ಮುಚ್ಚಲೂ ಬಹಳ ಕಾಲ ಹಿಡಿಯಲಿಲ್ಲ. ಮಕ್ಕಳು ಕಂಪ್ಯೂಟರಿನಲ್ಲಿ ಇಳಿಸಿಕೊಂಡರು, ಆಮೇಲೆ ಫೋನಿನಲ್ಲೇ ಬಂತು. ಅನಿಮೆ ನೋಡುವವರು ಹತ್ತುಪಟ್ಟಾದರು, ಡಿಸ್ಕು ಕೇಳುವವರು ಒಬ್ಬರೂ ಉಳಿಯಲಿಲ್ಲ. ಮುಂಬೈ ಆಫೀಸು ಮೊದಲು ಫೋನು ಎತ್ತುವುದನ್ನು ನಿಲ್ಲಿಸಿತು, ಆಮೇಲೆ ಆಫೀಸೇ ಇರಲಿಲ್ಲ. ಕೊನೆಯ ಡಬ್ಬವನ್ನು ಜರಗನಹಳ್ಳಿಯ ಅಪಾರ್ಟ್‌ಮೆಂಟಿನ ಹೆಂಗಸೊಬ್ಬರು ಕೊಂಡರು. ಬಾಲ್ಕನಿಗೆ ಪಾರಿವಾಳ ಬರುತ್ತವೆ, ಹೆದರಿಸಲು ದಾರ ಕಟ್ಟಿ ನೇತುಹಾಕುತ್ತೇನೆ ಎಂದರಂತೆ. ಬದರಿನಾಥರು ಬೇಸರ ತೋರಿಸದೆ, "ಹೊಳೆಯೋ ಮುಖ ಆಚೆಗಿರ್ಲಿ ಮೇಡಂ," ಎಂದು ಹೇಳಿಕೊಟ್ಟು ಬಂದರು. ಆ ದಿನ ಮನೆಯಲ್ಲಿ ಊಟ ಮಾಡಲಿಲ್ಲ. ಯಾರಿಗಾದರೂ ಫೋನು ಮಾಡಬೇಕೆಂದು ಒಂದು ಗಳಿಗೆ ರಿಸೀವರ್ ಹಿಡಿದುಕೊಂಡಿದ್ದು ಹಾಗೇ ಇಟ್ಟುಬಿಟ್ಟಿದ್ದನ್ನು ಸೀತಮ್ಮ ನೋಡಿದ್ದರು.

*

"ಕಾಫಿ," ಎಂದು ಮೈತ್ರೇಯಿ ಪಕ್ಕದ ಮನೆಯಿಂದ ಬಂದ ಫ್ಲಾಸ್ಕಿನಿಂದ ಕಾಗದದ ಲೋಟಕ್ಕೆ ಬಗ್ಗಿಸಿದಳು. ಚಿದಾನಂದ್ ಲೋಟ ಹಿಡಿದುಕೊಂಡ, ಕುಡಿಯಲಿಲ್ಲ. ವರಾಂಡದ ಕಿಟಕಿಯಾಚೆಗೇ ಹೆಣವಿತ್ತು. ಸೀತಮ್ಮನ ಬೆನ್ನು ಕಿಟಕಿಗೆ ತಾಗಿತ್ತು.

"ನಾನು ಏನ್ ಮಾಡ್ದೆ ಅಂತ ನಿಮ್ಮಪ್ಪ ನಿಂಗೇನಾದ್ರೂ ಹೇಳಿದ್ರಾ, ಪುಟ್ಟಿ?"

ಮೈತ್ರೇಯಿ ಅವನ ಮುಖವನ್ನೇ ನೋಡಿದಳು. "ನಿಮಗೆ ಗೊತ್ತಿಲ್ವಾ ಅಂಕಲ್?"

"ಕಾಪಿ ಮಾಡ್ದೆ ಅಂತಾರೆ. ನಾನು ಮಾಡಿಲ್ಲ. ಯಾವ ಆಧಾರದ ಮೇಲೆ ಅಂದ್ರು ಅಂತ ಕೇಳೋಣ ಅಂದ್ರೆ ಫೋನೇ ತೆಗೀಲಿಲ್ಲ. ಮೂರು ಸಲ ಈ ಗೇಟ್ ತನಕ ಬಂದು ವಾಪಸ್ ಹೋಗಿದೀನಿ."

"ಪ್ರೂಫ್ ಇತ್ತು," ಎಂದಳು ಮೈತ್ರೇಯಿ. ಅವಳ ದನಿ ಗಡುಸಾಗಿತ್ತು. "ನಂಗೊಬ್ಳಿಗೇ ಹೇಳಿದ್ರು. ಸ್ಯಾಂಪಲ್ ಡಿಸ್ಕ್‌ಗಳು ಕದ್ದು ಹೊರಗೆ ಹೋಗ್ತಿವೆ ಅಂತ ಅಪ್ಪಂಗೆ ಮೊದ್ಲಿಂದ ಡೌಟು. ಅದಕ್ಕೇ ಒಂದು ಸಲ ನಾಲ್ಕರಲ್ಲೂ ಒಂದೊಂದು ಕಪ್ಪು ಬೊಟ್ಟು ಸೇರಿಸಿದ್ರು. ಮಗುಗೆ ದೃಷ್ಟಿಬೊಟ್ಟು ಇಡ್ತೀವಲ್ಲ, ಹಾಗೆ, ಪರದೆ ಮೂಲೇಲಿ, ಕಣ್ಣಿಗೇ ಬೀಳ್ದಷ್ಟು. ಒಬ್ಬೊಬ್ಬರದ್ದು ಒಂದೊಂದು ನಿಮಿಷದಲ್ಲಿ. ನಿಮ್ಮದು ಹನ್ನೊಂದನೇ ನಿಮಿಷ. ಎರಡು ವಾರ ಆದ್ಮೇಲೆ ಮಡಿವಾಳದ ಫುಟ್‌ಪಾತ್‌ನಲ್ಲಿ ಕಳ್ಳ ಕಾಪಿ ಸಿಕ್ತು. ಮನೆಗೆ ತಂದು ಹಾಕಿದ್ರೆ, ಹನ್ನೊಂದನೇ ನಿಮಿಷದಲ್ಲಿ ಬೊಟ್ಟು."

ಚಿದಾನಂದ್ ಕಾಫಿ ಲೋಟವನ್ನು ಕೆಳಗಿಟ್ಟ. "ಬೊಟ್ಟು ನಂಗೆ ಕಾಣ್ಲೇ ಇಲ್ಲ," ಎಂದ. "ಎರಡು ಸಲ ನೋಡಿದ್ದೆ ಅದನ್ನ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ್ನಂತೆ," ಎಂದು ಅನಂತರಾಮು ಮೆಟ್ಟಿಲಿನ ಮೇಲಿನಿಂದಲೇ ಹೇಳಿದ. "ಯಾರು ಕೇಳಿದ್ರು ಇವರನ್ನ? ತಾವೇ ಬಂದು ನಾನಲ್ಲ, ನಾನಲ್ಲ ಅಂತಾರೆ."

ಕಿಟಕಿಯ ಒಳಗಿನಿಂದ ಸೀತಮ್ಮ ಕೇಳಿದರು: "ಮೈತ್ರಿ, ಆ ಡಿಸ್ಕು ಕೊಟ್ಟಿದ್ದು ಯಾವಾಗ?"

"ವಿಜಯದಶಮಿ ದಿನ, ಒಳ್ಳೇ ದಿನ ಅಂತ. ಯಾಕಮ್ಮ?"

ಸೀತಮ್ಮನ ಕೈಯಲ್ಲಿದ್ದ ಒದ್ದೆ ಕರವಸ್ತ್ರ ಜಾರಿ ಗಂಡನ ಹೊದಿಕೆಯ ಮೇಲೆ ಬಿತ್ತು.

*

ಆ ವಿಜಯದಶಮಿಯ ಹಿಂದಿನ ದಿನ ಆಯುಧಪೂಜೆ. ಬದರಿನಾಥರು ಬೂದುಗುಂಬಳಕಾಯಿ ತರಲು ಹೋಗಿದ್ದರು. ಸೀತಮ್ಮ ಸ್ಕೂಟರಿಗೆ, ಕಂಪ್ಯೂಟರಿಗೆ, ಹೊಲಿಗೆ ಮೆಷಿನ್ನಿಗೆ, ಈಳಿಗೆಮಣೆಗೆ ಗಂಧ ಕುಂಕುಮ ಇಟ್ಟು ಮುಗಿಸಿದರು. ಕಂಪ್ಯೂಟರಿನ ಪಕ್ಕ ನಾಲ್ಕು ಲಕೋಟೆಗಳಿದ್ದವು, ಒಂದೊಂದರ ಮೇಲೆ ಒಬ್ಬೊಬ್ಬ ಡೀಲರಿನ ಹೆಸರು. ಅನ್ನ ಕೊಡುವ ವಸ್ತುವಿಗೇ ಪೂಜೆ ಇಲ್ಲವೆಂದರೆ ಹೇಗೆ ಎಂದುಕೊಂಡು ಡಿಸ್ಕುಗಳನ್ನು ಹೊರತೆಗೆದು, ಮಣೆಯ ಮೇಲೆ ಸಾಲಾಗಿಟ್ಟು, ನಾಲ್ಕಕ್ಕೂ ಕುಂಕುಮ ಹಚ್ಚಿ, ಆರತಿ ಎತ್ತಿದರು.

ಆಮೇಲೆ ನೆನಪಾಯಿತು, ಒಂದು ಬೆರಳಚ್ಚು ಬಿದ್ದರೂ ಗಂಡ ಕೂಗಾಡುತ್ತಾರೆಂದು. ಗಾಬರಿಯಲ್ಲಿ ಹಳೆಯ ಪಂಚೆಯಿಂದ ಒರೆಸಿದರು. ಗೇಟಿನ ಸದ್ದಾಯಿತು. ಕೈಗೆ ಬಂದದ್ದನ್ನು ಕೈಗೆ ಬಂದ ಲಕೋಟೆಗೆ ತೂರಿಸಿದರು. ಡಿಸ್ಕಿನ ಮೇಲೆ ಹೆಸರಿರಲಿಲ್ಲ. ಹೆಸರು ಬರೆದರೆ ಒಂದೊಂದೂ ಬೇರೆಯೆಂದು ಡೀಲರುಗಳಿಗೆ ಅನುಮಾನ ಬಂದೀತೆಂದು ಗಂಡ ಬರೆದಿರಲಿಲ್ಲ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಒಂದೇ ಸಿನಿಮಾದ ನಾಲ್ಕು ಕಾಪಿ, ಯಾವುದು ಎಲ್ಲಿ ಹೋದರೇನು ಎಂದುಕೊಂಡರು. ಬೈಸಿಕೊಳ್ಳುವುದು ಯಾಕೆಂದು ಬಾಯಿ ಬಿಡಲಿಲ್ಲ.

ಬೊಟ್ಟಿನ ಬಗ್ಗೆ ಗಂಡನೂ ಬಾಯಿ ಬಿಡಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಮಗಳಿಗೆ ಉಪದೇಶ ಮಾಡುತ್ತಿದ್ದ ಮನುಷ್ಯ ಒಂದು ಬೊಟ್ಟು ನೋಡಿ ಗೆಳೆಯನನ್ನೇ ಬಿಟ್ಟರು.

*

"ವ್ಯಾನ್‌ನೋರು ಅರ್ಜೆಂಟ್ ಮಾಡ್ತಿದಾರೆ. ಬನಶಂಕರಿ ಚಿತಾಗಾರದಲ್ಲಿ ಹನ್ನೊಂದೂವರೆಗೆ ನಮ್ಮ ಸರದಿ," ಎಂದರು ಪುರೋಹಿತರು. "ಅಕ್ಕಿ ಹಾಕೋರೆಲ್ಲ ಬನ್ನಿ."

ತಟ್ಟೆಯಲ್ಲಿ ಅಕ್ಕಿ ಬಂತು. ಬದರಿನಾಥರ ಅಣ್ಣನ ಮಗ ಸುಮೇಧ ಒದ್ದೆ ಪಂಚೆಯಲ್ಲಿ ನಿಂತು ಮೊದಲ ಕಾಳು ಹಾಕಿದ. ಅವನ ಹಿಂದೆ ಸಾಲು ಕಟ್ಟಿತು. ಅನಂತರಾಮು ಮುಂದೆ ನಿಂತಿದ್ದ, ಮಡಿವಾಳದ ಕೊಟ್ರಪ್ಪ ಅವನ ಹಿಂದೆ. ಸೀನು ಬರುವಂತಿರಲಿಲ್ಲ, ಅವನು ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಚಿದಾನಂದ್ ಬಾಗಿಲಿನಾಚೆ ಚಪ್ಪಲಿ ಬಿಟ್ಟು ಕಾಯುತ್ತಿದ್ದ.

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಸೀತಮ್ಮನಿಗೆ ಅನಿಸಿತು. ಇನ್ನೊಂದೆರಡು ಗಂಟೆಯಲ್ಲಿ ಇವರು ಬೂದಿ. ಕರೆದು ಅಕ್ಕಿ ಹಾಕಿಸಿದರೆ ಸಾಕು, ದೊಡ್ಡ ಮನಸ್ಸಿನ ಹೆಂಗಸು ಎಂದು ಊರು ಹೊಗಳುತ್ತದೆ, ಚಿದಾನಂದನೂ ಕೈಮುಗಿದು ಹೋಗುತ್ತಾನೆ. ಅಷ್ಟು ಸುಲಭವಾಗಿತ್ತು. ಅದಕ್ಕೇ ಅವರಿಗೆ ತನ್ನ ಮೇಲೆ ಅಸಹ್ಯ ಬಂತು.

"ಸ್ವಲ್ಪ ತಡೀರಿ," ಎಂದು ಎದ್ದು ನಿಂತರು. "ಚಿದಾನಂದ್, ಒಳಗೆ ಬನ್ನಿ."

ಅವನು ಬಂದ. ಆಯುಧಪೂಜೆಯ ದಿನ ಮಾಡಿದ್ದನ್ನು ಸೀತಮ್ಮ ಹೇಳಿದರು. ಕುಂಕುಮ, ಪಂಚೆ, ಲಕೋಟೆ, ಒಂದೂ ಬಿಡದೆ. ಮೈತ್ರೇಯಿ ತಾಯಿಯನ್ನು ಯಾರೋ ಅಪರಿಚಿತರನ್ನು ನೋಡುವಂತೆ ನೋಡುತ್ತಿದ್ದಳು.

"ಅಂದ್ರ, ಹನ್ನೊಂದನೇ ನಿಮಿಷದ್ದು ಯಾರ ಲಕೋಟೇದಾಗ ಹೋತು ಅಂತ ಗೊತ್ತಿಲ್ಲನ್ರೀ ಅಕ್ಕಾರ?" ಎಂದ ಕೊಟ್ರಪ್ಪ.

"ಇಲ್ಲಪ್ಪ. ಯಾರಿಗೆ ಬೇಕಾದ್ರೂ ಹೋಗಿರ್ಬಹುದು."

"ಅಯ್ಯ, ನನಗೂ ಬಂದಿರಬೌದು ಅಂದಂಗಾತು." ಕೊಟ್ರಪ್ಪ ನಗಲು ನೋಡಿದ. ಯಾರೂ ನಗಲಿಲ್ಲ.

"ಅಕ್ಕ, ಹೋದೋರ ಮುಂದೆ ಈಗ್ಯಾಕೆ ಹಳೇದೆಲ್ಲ?" ಎಂದ ಅನಂತರಾಮು. "ಬಿಟ್ಹಾಕು. ವ್ಯಾನ್ ಕಾಯ್ತಿದೆ."

ಬೆಳಗ್ಗೆಯಿಂದ ಹಳೆಯದನ್ನು ಬಿಡದೆ ಜಗಿದವನು ಅವನೇ. ಸೀತಮ್ಮ ತಮ್ಮನ ಕಡೆ ನೋಡಿ, ಮತ್ತೆ ಚಿದಾನಂದನ ಕಡೆ ತಿರುಗಿದರು. ಅವನ ಕಣ್ಣು ತುಂಬಿತ್ತು, ಆದರೆ ಮುಖದಲ್ಲಿ ಕೃತಜ್ಞತೆಯಿರಲಿಲ್ಲ.

"ಹಾಗಾದ್ರೆ ನಾನಲ್ಲ ಅಂತಲೂ ಆಗ್ಲಿಲ್ಲ. ಅಲ್ವಾ ಅತ್ತಿಗೆ?"

"ಇಲ್ಲ," ಎಂದರು ಸೀತಮ್ಮ. ಸುಳ್ಳು ಹೇಳಲು ಅವರಿಗೆ ಮನಸ್ಸಾಗಲಿಲ್ಲ. "ನೀವೇ ಅಂತ ಹೇಳೋಕೂ ನಮಗೆ ಬಾಯಿಲ್ಲ. ತಪ್ಪು ನಂದು. ಇವರೆಲ್ಲರಿಗಿಂತ ಮೊದಲು ನೀವು ಹಾಕಿ."

ತಟ್ಟೆಯನ್ನು ತಾವೇ ಹಿಡಿದರು. ಚಿದಾನಂದ್ ಬಾಗಿ, ಬದರಿನಾಥರ ಎದೆಯ ಮೇಲೆ ತುಳಸಿ ಹಾರವಿಟ್ಟು, ಅವರ ಮುಖವನ್ನು ಒಂದು ಗಳಿಗೆ ನೋಡಿದ. "ಒಂದು ಮಾತು ಕೇಳ್ಬೇಕಿತ್ತು ಸಾರ್ ನೀವು. ಒಂದೇ ಒಂದು ಮಾತು," ಎಂದ. ಅಕ್ಕಿ ಬೆರಳ ಸಂದಿಯಿಂದ ತುಟಿಯ ಮೇಲೆ ಉದುರಿತು. ಅವನು ಯಾರ ಮುಖವನ್ನೂ ನೋಡದೆ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ. ಅನಂತರಾಮು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಕೊಟ್ರಪ್ಪ ಬಂದ, ಹಾಕಿದ, ಕೈಮುಗಿದು ಸರಿದ.

ಆಮೇಲೆ ಅನಂತರಾಮು ಮುಂದೆ ಬಂದ. ಅಕ್ಕನ ಕಣ್ಣು ತಪ್ಪಿಸಿ ತಟ್ಟೆಯಿಂದ ಹಿಡಿ ತುಂಬ ತೆಗೆದುಕೊಂಡು, ಭಾವನ ಬಾಯಿಯ ಮೇಲೆ ಕೈ ಮಗುಚಿದ. ಅರ್ಧ ಅಕ್ಕಿ ಬೀಳಲೇ ಇಲ್ಲ. ಅಂಗೈ ಬೆವೆತು ಕಾಳುಗಳು ಅಂಟಿಕೊಂಡಿದ್ದವು. ಕೈ ಕೊಡವಿದ, ಬೀಳಲಿಲ್ಲ. ಎಲ್ಲರೂ ನೋಡುತ್ತಿರುವಾಗ ಅವನು ಎಡಗೈ ಉಗುರಿನಿಂದ ಒಂದೊಂದೇ ಕಾಳನ್ನು ಬಿಡಿಸತೊಡಗಿದ. ಸೀತಮ್ಮ ತಟ್ಟೆ ಹಿಡಿದು, ಕೊನೆಯ ಕಾಳು ಬೀಳುವವರೆಗೂ ಆ ಕೈಯನ್ನೇ ನೋಡುತ್ತ ನಿಂತರು.