ಬಿಳಿಯಾದ ಮೊಟ್ಟೆಗಳು

ನಾಲ್ಕನೆಯ ಸಲವೂ ಮೊಟ್ಟೆಗಳು ಬಿಳಿಯಾದವು. ಸಾಸಿವೆಗಿಂತ ಸಣ್ಣ ಮೀನಿನ ಮೊಟ್ಟೆಗಳು. ಸರಿಯಿದ್ದರೆ ಗಾಜಿನಂತೆ ತಿಳಿಯಾಗಿರಬೇಕು, ಮರುದಿನ ಮರಿಯಾಗಬೇಕು. ನನ್ನವು ಮಾತ್ರ ಬೆಳಗಾಗುವಷ್ಟರಲ್ಲಿ ಬೂಷ್ಟು ಹಿಡಿದು ಕೂತಿರುತ್ತವೆ. ತಲೆ ಚಚ್ಚಿಕೊಳ್ಳೋಣ ಅನ್ನಿಸಿತು.

1958ರ ಮಳೆಗಾಲ. ನಾನು ಎರ್ನಾಕುಳಂನ ಕೇಂದ್ರ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಮಟ್ಟಾಂಚೇರಿಯ ಹಡಗು ನೌಕರನೊಬ್ಬ ಸಿಂಗಾಪುರದಿಂದ ತಂದಿದ್ದ ಒಂದು ಡಜನ್ ನಿಯಾನ್ ಟೆಟ್ರಾ ಕೊಂಡಿದ್ದೆ. ನೀಲಿ, ಕೆಂಪು ಪಟ್ಟೆಯ, ಅರ್ಧ ಬೆರಳುದ್ದದ ಮೀನುಗಳು. ಒಂದು ತಿರುಗಿದರೆ ಗುಂಪಿಗೆ ಗುಂಪೇ ತಿರುಗುತ್ತದೆ. ಸಾಕಬಹುದು, ಮರಿ ಮಾಡಿಸುವುದು ಮಾತ್ರ ಬಲು ಕಷ್ಟ. ಅದೇ ನನಗೆ ಹಟವಾಯಿತು.

ಗಡಸು ನೀರು ಆಗದು ಎಂದು ಪುಸ್ತಕದಲ್ಲಿತ್ತು, ಮಳೆನೀರು ಹಿಡಿದೆ. ಬೆಳಕು ಆಗದು ಎಂದಿತ್ತು. ಗಾಜಿನ ಭರಣಿಗೆ ಕಪ್ಪು ಬಟ್ಟೆ ಸುತ್ತಿದೆ. ಇಟ್ಟ ಮೊಟ್ಟೆಯನ್ನು ತಾವೇ ತಿನ್ನುವ ಜಾತಿ. ಇಟ್ಟ ಕೂಡಲೇ ಗಂಡು ಹೆಣ್ಣು ಎರಡನ್ನೂ ತೆಗೆದೆ. ಇನ್ನೇನು ಮಾಡಬೇಕಿತ್ತು ನಾನು?

ಬೈಯಲು ಉಳಿದವಳು ಹೆಂಡತಿ ದಾಕ್ಷಾಯಣಿ. ಮೊದಲ ಸಲ ಅವಳ ಒಗ್ಗರಣೆಯ ಹೊಗೆ ಅಂದೆ. ಅಂದಿನಿಂದ ಒಗ್ಗರಣೆಯಿಲ್ಲದ ಸಾರೇ ಉಣ್ಣುತ್ತಿದ್ದೆವು. ಎರಡನೆಯ ಸಲ ಅವಳ ಕೈಯ ಸೋಪು ಅಂದೆ. ಮೂರನೆಯ ಸಲ, ಭರಣಿಯಿರುವ ಕೋಣೆಗೇ ಕಾಲಿಡಬೇಡ ಅಂದೆ. ಅವಳು ಇಡಲಿಲ್ಲ. ಇವತ್ತು ಬೇರೆ ನೆಪ ಸಿಗದೆ ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ: "ನೀನಿರುವ ಮನೆಯಲ್ಲಿ ಮೀನಿಗೂ ಮರಿ ಆಗುದಿಲ್ಲ."

ಮದುವೆಯಾಗಿ ಎಂಟು ವರ್ಷ, ನಮಗೆ ಮಕ್ಕಳಿಲ್ಲ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಒಳಗೆ ಹೋದಳು.

ಅದೇ ಮಧ್ಯಾಹ್ನ ಜನಾರ್ದನ ಬಂದ. ಕಾಸರಗೋಡಿನ ಶಾಲೆಯಲ್ಲಿ ನನ್ನ ಜತೆ ಓದಿದವನು, ಈಗ ತಿರುವನಂತಪುರದಲ್ಲಿ ಬ್ಯಾಂಕಿನ ಕೆಲಸ. ಅವನ ಮನೆಯಲ್ಲಿ ಇದೇ ಮೀನು ಎರಡು ಸಲ ಮರಿಯಾಗಿತ್ತು. ಭರಣಿ ನೋಡಿ, ಬಟ್ಟೆ ನೋಡಿ, "ನೀರು ಎಲ್ಲಿಯದ್ದು ಮಾರಾಯಾ?" ಎಂದ.

"ಮಳೆಯದ್ದು. ಬೇರೆ ಯಾರೂ ಮುಟ್ಟುದಿಲ್ಲ. ತಾಮ್ರದ ಕೊಡಪಾನವನ್ನು ನಾನೇ ಹುಣಸೆಹುಳಿ ಹಾಕಿ ತಿಕ್ಕಿ, ಅದರಲ್ಲಿ ತುಂಬಿಸಿ ಇಡುದು," ಎಂದೆ ಹೆಮ್ಮೆಯಿಂದ. ದೇವರ ಅಭಿಷೇಕದ ನೀರನ್ನು ನಮ್ಮ ಮನೆಯಲ್ಲಿ ಇಡುವುದೇ ಹಾಗೆ. ಅದಕ್ಕಿಂತ ಶುದ್ಧ ಯಾವುದು?

ಜನಾರ್ದನ ಹಣೆ ಚಚ್ಚಿಕೊಂಡ. "ತಾಮ್ರದಲ್ಲಾ? ದೇವರಿಗೆ ಆಗ್ತದೆ, ಮೀನಿನ ಮೊಟ್ಟೆಗೆ ಅದು ವಿಷ ಮಾರಾಯಾ! ಮಳೆನೀರಿಗೆ ತಾಮ್ರ ಬೇಗ ಬಿಡ್ತದೆ. ನಾಲ್ಕು ಸಲವೂ ಕೊಂದದ್ದು ನೀನೇ."

ಬಾಗಿಲಲ್ಲಿ ಕಾಫಿ ಹಿಡಿದು ದಾಕ್ಷಾಯಣಿ ನಿಂತಿದ್ದಳು. ಲೋಟಗಳನ್ನು ಇಟ್ಟು ಹೋದಳು.

ಜನಾರ್ದನ ಹೊರಟ ಮೇಲೆ ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತೆ. ನಾಚಿಕೆಯಾಗಿತ್ತು. ಆದರೂ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. "ಇನ್ನು ಒಗ್ಗರಣೆ ಹಾಕಬಹುದು," ಎಂದೆ.

ಅವಳು ತೊಂಡೆಕಾಯಿ ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.

"ಎಂಟು ವರ್ಷದಲ್ಲಿ ಮೂರು ಡಾಕ್ಟ್ರು ನನ್ನನ್ನು ನೋಡಿದ್ರು," ಎಂದಳು. "ಮೂವರೂ ನನ್ನಲ್ಲಿ ದೋಷ ಇಲ್ಲ ಅಂತಲೇ ಹೇಳಿದ್ದು. ಬರುವ ಸೋಮವಾರ ನೀವು ಹೋಗಿ ತೋರಿಸಿಕೊಂಡು ಬನ್ನಿ."