ಕೆಂಪು ಟೇಪಿನ ಸಾಕೆಟ್

'ಈ ಸರ್ವರ್ ಎಷ್ಟು ಕರೆಂಟ್ ಎಳೆಯುತ್ತದೆ ಎಂದು ಕೇಳದೇ ಬಂದುಬಿಟ್ಟೆ. ಕೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದೆ. ಚೀಟಿ ಕೈಯಲ್ಲೇ ಇತ್ತು.'

ಜೂನ್ ತಿಂಗಳ ಒಂದು ಶನಿವಾರ ಡೈರಿಯಲ್ಲಿ ಬರೆದುಕೊಂಡದ್ದು ಇಷ್ಟು. ಕೆಳಗೆ, ಇಂಥ ಸಣ್ಣದಕ್ಕೆಲ್ಲ ಕೊರಗುವುದನ್ನು ಬಿಡಬೇಕು ಎಂದೂ ಇದೆ.

ನಾಯಂಡಹಳ್ಳಿಯಲ್ಲಿ, ಕಂಪನಿಗಳು ಬಳಸಿ ಬಿಟ್ಟ ಕಂಪ್ಯೂಟರುಗಳನ್ನು ತಂದು ಮಾರುವ ಜಂಬಣ್ಣನವರ ಗೋದಾಮಿದೆ. ಅವತ್ತು ಅಲ್ಲಿ ನನಗಿಂತ ಮೊದಲೇ ಇಬ್ಬರು ಗಿರಾಕಿಗಳಿದ್ದರು, ಇಬ್ಬರೂ ನನ್ನ ವಯಸ್ಸಿನವರೇ. ನಾನು ಆರಿಸಿದ್ದ ಸರ್ವರನ್ನು ಜಂಬಣ್ಣ ಪ್ಲಗ್ಗಿಗೆ ಹಾಕಿ ತೋರಿಸಿದಾಗ ಅದರ ಫ್ಯಾನುಗಳು ಒಮ್ಮೆಲೇ ಮೊರೆದವು.

"ಗುರು, ಟೇಕಾಫ್ ಆಗ್ತಾ ಇದೆ ಇದು," ಎಂದ ಒಬ್ಬ.

"ಮಗಾ, ಇದನ್ನ ಮನೆಗೆ ತಗೊಂಡೋದ್ರೆ ನಮ್ಮಮ್ಮ ಇದನ್ನ ಒಳಗಿಟ್ಕೊಂಡು ನನ್ನ ಆಚೆ ಹಾಕ್ತಾಳೆ."

ಇಬ್ಬರೂ ನಕ್ಕರು. ನನ್ನನ್ನು ನೋಡಿ ನಕ್ಕದ್ದಲ್ಲ. ಆದರೂ ಆ ನಗು ಮುಗಿಯುವವರೆಗೆ ಬಾಯಿ ತೆರೆಯಲಾಗಲಿಲ್ಲ, ಮುಗಿದ ಮೇಲೂ ಆಗಲಿಲ್ಲ.

"ಇನ್ನೇನಾದ್ರೂ ಕೇಳೋದಿದ್ಯೇನಮ್ಮಾ?" ಎಂದರು ಜಂಬಣ್ಣ.

"ಇಲ್ಲ ಅಂಕಲ್," ಎಂದು ದುಡ್ಡು ಎಣಿಸಿ ಕೊಟ್ಟೆ.

ಬಿಸಿಎ ಮುಗಿಸಿ ಎರಡು ವರ್ಷವಾಗಿತ್ತು. ಬರವಣಿಗೆಯ ಪರೀಕ್ಷೆಗಳಲ್ಲೆಲ್ಲ ಪಾಸಾಗುತ್ತಿದ್ದೆ. ಎದುರಿಗೆ ಕೂರಿಸಿಕೊಂಡು 'ನಿಮ್ಮ ಬಗ್ಗೆ ಹೇಳಿ' ಎಂದರೆ ಮಾತ್ರ ಮಾತು ನನ್ನ ಹೆಸರಿನಾಚೆ ಹೋಗುತ್ತಿರಲಿಲ್ಲ. ಸರ್ವರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಮನುಷ್ಯರ ಜೊತೆ ಮಾತು ಕಡಿಮೆ ಎಂದು ಎಲ್ಲೋ ಓದಿದ್ದೆ. ಮನೆಯಲ್ಲೇ ಒಂದು ಲ್ಯಾಬ್ ಕಟ್ಟಿ ಕಲಿತರೆ, ಹೇಳುವ ಬದಲು ಮಾಡಿದ್ದನ್ನೇ ತೋರಿಸಬಹುದು ಅಂದುಕೊಂಡೆ.

ಆ ಶನಿವಾರಕ್ಕೂ ಹಿಂದಿನ ಮೂರು ವಾರ ಡೈರಿಯ ತುಂಬ ಹೋಲಿಕೆಗಳೇ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೇ ಶುರು ಮಾಡಬಹುದಿತ್ತು. ಪುಟ್ಟ ಪುಟ್ಟ ಎರಡು ವರ್ಚುವಲ್ ಮಷಿನ್ ಅದರಲ್ಲೂ ಓಡುತ್ತಿದ್ದವು. ಊಟದ ಡಬ್ಬಿಯಷ್ಟಿರುವ ಮಿನಿ ಪಿಸಿ ಕೊಳ್ಳಬಹುದಿತ್ತು. ಸದ್ದಿಲ್ಲ, ಒಂದು ಬಲ್ಬಿನಷ್ಟು ಕರೆಂಟ್ ಸಾಕು. ಅದೇ ಬೆಲೆಗೆ ಜಂಬಣ್ಣನವರಲ್ಲಿ ಎರಡು ಪ್ರೊಸೆಸರಿನ, ನೂರಿಪ್ಪತ್ತೆಂಟು ಜಿಬಿ ಮೆಮೊರಿಯ ನಿಜವಾದ ಸರ್ವರ್ ಸಿಗುತ್ತಿತ್ತು. ಡೈರಿಯಲ್ಲಿ 'ನಿಜವಾದ' ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಸಾಫ್ಟ್‌ವೇರ್ ಆರಿಸುವುದು ಅಷ್ಟು ಕಷ್ಟವಾಗಲಿಲ್ಲ. ದೊಡ್ಡ ಕಂಪನಿಗಳು ಬಳಸುವುದಕ್ಕೆ ಲೈಸೆನ್ಸ್ ಬೇಕಿತ್ತು, ಪ್ರಾಕ್ಸ್‌ಮಾಕ್ಸ್ ಎಂಬುದು ಅದೇ ಕೆಲಸಕ್ಕೆ ಬಿಟ್ಟಿಯಾಗಿ ಸಿಗುತ್ತಿತ್ತು.

ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿದ್ದದ್ದು ಅಜ್ಜಿಗೆ ಮಾತ್ರ.

"ಒಂದು ಮಷಿನ್ ಒಳಗೆ ಹತ್ತು ಮಷಿನ್ ಅಜ್ಜಿ. ಪ್ರತಿಯೊಂದೂ ಇಡೀ ಮನೆ ತನ್ನದೇ ಅನ್ಕೊಂಡಿರುತ್ತೆ."

"ವಠಾರ ಅನ್ನು," ಎಂದಳು ಅಜ್ಜಿ. "ಶ್ರೀರಾಂಪುರದಲ್ಲಿ ನಾವೂ ಹಂಗೇ ಇದ್ದಿದ್ದು. ಎಂಟು ಮನೆ, ಒಂದು ನಲ್ಲಿ. ಬೆಳಗಾದ್ರೆ ಬಿಂದಿಗೆ ಜಗಳ. ನಿನ್ನ ಮಷಿನ್‌ಗಳು ಜಗಳ ಆಡಲ್ವೇನೇ?"

"ಆಡದೇ ಇರೋ ಹಾಗೆ ನೋಡ್ಕೊಳ್ಳೋದೇ ನನ್ನ ಕೆಲಸ."

"ಹಾಗಾದ್ರೆ ವಠಾರದ ಓನರಮ್ಮ ನೀನು. ಬಾಯೇ ಇಲ್ದಿರೋ ಓನರಮ್ಮ!"

ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಐದು ನಿಮಿಷ ಹಿಡಿಯಿತು. ಅಜ್ಜಿಯ ಶ್ವಾಸಕೋಶ ವರ್ಷದಿಂದ ಗಟ್ಟಿಯಾಗುತ್ತಾ ಬಂದಿತ್ತು. ಮೂಗಿಗೆ ಸದಾ ನಳಿಕೆ, ಮಂಚದ ಪಕ್ಕ ಆಕ್ಸಿಜನ್ ಯಂತ್ರ. ಪುಸ್ ಎಂದು ಒಮ್ಮೆ, ಸ್ವಲ್ಪ ತಡೆದು ಮತ್ತೆ ಪುಸ್ ಎಂದು. ಹಗಲೂ ರಾತ್ರಿ ಆ ಸದ್ದು ನಮ್ಮ ಮನೆಯಲ್ಲಿತ್ತು.

ವಿಜಯನಗರದ ಈ ಮನೆಯಲ್ಲಿ ಕರೆಂಟಿನ ಯಜಮಾನಿಕೆ ಅಪ್ಪನದು. ಅಪ್ಪ ಸೇತುರಾಮ, ಅಜ್ಜಿಯ ಮಗ, ಹೈಸ್ಕೂಲಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಇನ್ವರ್ಟರಿನ ಮೇಲೆ ಅವರ ದುಂಡು ಅಕ್ಷರದ ಒಂದು ಚೀಟಿ ಅಂಟಿಸಿತ್ತು: 'ಅಮ್ಮನ ಯಂತ್ರ, ಅಮ್ಮನ ಫ್ಯಾನು. ಮೂರೂವರೆ ಗಂಟೆ.' ಇನ್ವರ್ಟರಿಗೆ ಸೇರಿದ ಸಾಕೆಟ್‌ಗಳಿಗೆಲ್ಲ ಕೆಂಪು ಟೇಪು. ಅಂಥದ್ದೊಂದು ನನ್ನ ಕೋಣೆಯಲ್ಲೂ ಇತ್ತು, ಮೊಬೈಲ್ ಚಾರ್ಜ್ ಮಾಡಲು ಮಾತ್ರ.

ಸರ್ವರಿಗೆ ಇದ್ದಕ್ಕಿದ್ದ ಹಾಗೆ ಕರೆಂಟ್ ಹೋದರೆ ಡಿಸ್ಕ್‌ನಲ್ಲಿರುವುದು ಹಾಳಾಗಬಹುದು, ಯುಪಿಎಸ್ ಇಲ್ಲದೆ ಓಡಿಸಬೇಡಿ ಎಂದು ಓದಿದಲ್ಲೆಲ್ಲ ಇತ್ತು. ನನ್ನಲ್ಲಿ ಯುಪಿಎಸ್ ಇರಲಿಲ್ಲ, ಕೆಂಪು ಟೇಪಿತ್ತು. ಕಂಪ್ಯೂಟರು ತಾನೇ, ಎಷ್ಟು ಎಳೆದೀತು ಅಂದುಕೊಂಡೆ. ಸರ್ವರನ್ನು ಮಂಚದ ಕೆಳಗೆ ತಳ್ಳಿ ಅದರ ವೈರನ್ನು ಆ ಸಾಕೆಟ್ಟಿಗೆ ಹಾಕಿದೆ. ಯಾವ ಸಾಕೆಟ್ಟಿಗೆ ಹಾಕಿದೆ ಎಂದು ಅಪ್ಪ ಕೇಳಲಿಲ್ಲ. ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನು, ಹೇಳಿದ್ದನ್ನು ಮೀರದ ಹುಡುಗಿ.

ಜುಲೈನಲ್ಲಿ ಒಂದು ಬುಧವಾರ ಹತ್ತರಿಂದ ಒಂದರವರೆಗೆ ನಮ್ಮ ಕಡೆ ಕರೆಂಟ್ ಇರುವುದಿಲ್ಲವೆಂದು ಪೇಪರಿನಲ್ಲಿ ಬಂತು. ಅಪ್ಪ ಎರಡು ದಿನ ಮೊದಲೇ ಭೈರೇಶನನ್ನು ಕರೆಸಿದರು. ಬ್ಯಾಡರಹಳ್ಳಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ಭೈರೇಶ, ನಮ್ಮ ರಸ್ತೆಯ ಅರ್ಧ ಮನೆಗಳ ಇನ್ವರ್ಟರ್ ನೋಡಿಕೊಳ್ಳುವವನು.

"ಏನಪ್ಪಾ, ನನ್ನ ಉಸಿರಿಗೆ ನೀರು ಹಾಕೋಕೆ ಬಂದ್ಯಾ?" ಎಂದು ಅಜ್ಜಿ ಮಲಗಿದಲ್ಲಿಂದಲೇ ಕೇಳಿದಳು.

"ಹೂಂ ಅಜ್ಜಿ, ನೂರು ವರ್ಷಕ್ಕಾಗೋಷ್ಟು ಹಾಕಿದೀನಿ." ಬ್ಯಾಟರಿಯ ಆರೂ ಮುಚ್ಚಳ ಬಿಗಿದು, ಕೈ ಒರೆಸಿಕೊಂಡು ಅಪ್ಪನಿಗೆ ಹೇಳಿದ: "ಸಾರ್, ಆರಾಮಾಗಿರಿ. ಮೂರು ಗಂಟೆ ಅಲ್ಲ, ನಾಲ್ಕು ಗಂಟೆ ಬೇಕಾದ್ರೂ ಎಳೆಯುತ್ತೆ."

ಬುಧವಾರ ಅಪ್ಪ ಶಾಲೆಗೆ, ಅಮ್ಮ ಆಫೀಸಿಗೆ ಹೋದರು. ಅಜ್ಜಿಯ ಜೊತೆ ನಾನಿದ್ದೆ. ಸರಿಯಾಗಿ ಹತ್ತಕ್ಕೆ ಕರೆಂಟ್ ಹೋಯಿತು, ಸರ್ವರ್ ನಿಲ್ಲಲಿಲ್ಲ. ಅದರೊಳಗೆ ನಾಲ್ಕು ಮಷಿನ್‌ಗಳು ಏನೂ ಆಗಿಲ್ಲವೆಂಬಂತೆ ಓಡುತ್ತಿದ್ದವು. ನನಗೆ ಖುಷಿಯಾಯಿತು. ಇದನ್ನು ಬರೆದೇ ಹೇಳಬೇಕು: ನನಗೆ ಖುಷಿಯಾಯಿತು.

ಸರ್ವರಿನ ಒಂದು ಡಿಸ್ಕ್ ಕೆಟ್ಟಿತ್ತು, ಬುಧವಾರ ತಂದರೆ ಬದಲಾಯಿಸಿ ಕೊಡುವುದಾಗಿ ಜಂಬಣ್ಣ ಹೇಳಿದ್ದರು. ಮೆಟ್ರೋದಲ್ಲಿ ಹೋಗಿ ಬರಲು ಒಂದು ಗಂಟೆ ಸಾಕು.

"ಹನ್ನೊಂದೂವರೆಗೆ ಬಂದ್ಬಿಡ್ತೀನಿ ಅಜ್ಜಿ."

"ಹೋಗ್ಬಾರೇ. ನಾನೆಲ್ಲಿ ಓಡ್ಹೋಗ್ತೀನಿ?"

ಡಿಸ್ಕ್ ಹತ್ತೇ ನಿಮಿಷಕ್ಕೆ ಸಿಕ್ಕಿತು. ಆಮೇಲೆ ಜಂಬಣ್ಣ ಟೀ ತರಿಸಿ, ಮಗಳ ಮದುವೆಯ ಕಥೆ ತೆಗೆದರು. ಛತ್ರದವರು ಮಾಡಿದ ಮೋಸ, ಬೀಗರ ಗತ್ತು. ಮನೆಯಲ್ಲಿ ಅಜ್ಜಿ ಒಬ್ಬಳೇ ಇದ್ದಾಳೆ, ಹೊರಡಬೇಕು ಎಂದು ನಡುವೆ ಹೇಳಲು ನಾಲ್ಕು ಸಲ ಬಾಯಿ ತೆರೆದೆ. ಮೂರೂವರೆ ಗಂಟೆ ಇದೆಯಲ್ಲ ಎಂದು ನಾಲ್ಕು ಸಲವೂ ಮುಚ್ಚಿದೆ. ಮೊಬೈಲ್ ಸೈಲೆಂಟಿನಲ್ಲಿತ್ತು, ಅದು ನಾಲ್ಕು ಜನರ ಮುಂದೆ ಕೂಗುವುದು ನನಗಾಗದು, ಯಾವಾಗಲೂ ಸೈಲೆಂಟೇ. ಮೆಟ್ರೋ ಹತ್ತಿದ ಮೇಲೆ ನೋಡಿದೆ. ಅಜ್ಜಿಯ ಮೂರು ಕರೆಗಳಿದ್ದವು. ಹನ್ನೊಂದು ನಲವತ್ತನಾಲ್ಕಕ್ಕೆ, ನಲವತ್ತಾರಕ್ಕೆ, ಐವತ್ತೊಂದಕ್ಕೆ. ತಿರುಗಿ ಮಾಡಿದೆ, ಎತ್ತಲಿಲ್ಲ.

ಹನ್ನೆರಡೂವರೆಗೆ ತಲುಪಿದಾಗ ಮನೆ ಸದ್ದಿಲ್ಲದೆ ಇತ್ತು. ಅಜ್ಜಿ ಕೋಣೆಯ ಮೂಲೆಯಲ್ಲಿ ಬಿದ್ದಿದ್ದಳು. ತುರ್ತಿಗೆಂದು ಇಟ್ಟಿದ್ದ ಪುಟ್ಟ ಸಿಲಿಂಡರಿನ ತನಕ ಹೋಗಿದ್ದಾಳೆ, ಕೀ ತಿರುಗಿಸಲು ಆಗಿಲ್ಲ. ತುಟಿ ನೀಲಿಗಟ್ಟಿತ್ತು. ಸಿಲಿಂಡರ್ ತೆರೆದು ನಳಿಕೆ ಹಾಕಿದೆ, ಆಂಬುಲೆನ್ಸಿಗೆ ಫೋನ್ ಮಾಡಿದೆ, ವಿಳಾಸ ಹೇಳುವಷ್ಟರಲ್ಲಿ ಮೂರು ಸಲ ತೊದಲಿದೆ. ಸ್ಟ್ರೆಚರ್ ಬಾಗಿಲು ದಾಟುವಾಗ ಕರೆಂಟ್ ಬಂತು. ನನ್ನ ಕೋಣೆಯಲ್ಲಿ ಸರ್ವರ್ ತಾನೇ ತಾನಾಗಿ ಮೊರೆಯಿತು.

ಆ ಸದ್ದಿಗೆ ನನಗೆ ಎಲ್ಲವೂ ಗೊತ್ತಾಯಿತು.

ಸಂಜೆ ಆಸ್ಪತ್ರೆಯಿಂದ ಬಟ್ಟೆ ತರಲು ಬಂದಾಗ ಸರ್ವರಿನ ದಾಖಲೆ ತೆರೆದು ನೋಡಿದೆ. ನಿಲ್ಲುವ ಮುಂಚಿನ ಕೊನೆಯ ಸಾಲು ಹನ್ನೊಂದು ನಲವತ್ತಮೂರಕ್ಕೆ. ಅದು ಎಷ್ಟು ಎಳೆಯುತ್ತಿದೆ ಎಂಬುದೂ ಅಲ್ಲೇ, ಇನ್ನೊಂದು ಪುಟದಲ್ಲಿತ್ತು. ಯಾರನ್ನೂ ಕೇಳಬೇಕಾಗಿಯೇ ಇರಲಿಲ್ಲ. ಅಜ್ಜಿಯ ಯಂತ್ರ ಎಳೆಯುವಷ್ಟನ್ನು ಹೆಚ್ಚುಕಡಿಮೆ ಅದೂ ಎಳೆಯುತ್ತಿತ್ತು. ವೈರನ್ನು ಕಿತ್ತು, ಟೇಪಿಲ್ಲದ ಸಾಕೆಟ್ಟಿಗೆ ಹಾಕಿ, ಬಟ್ಟೆಯ ಚೀಲ ಹಿಡಿದು ಆಸ್ಪತ್ರೆಗೆ ಹೋದೆ.

ಒಂಬತ್ತನೆಯ ದಿನ ಅಜ್ಜಿ ಹೋದಳು.

ನನ್ನನ್ನು ಯಾರೂ ಬೈಯಲಿಲ್ಲ. "ಒಂದು ಗಂಟೆ ಲೇಟಾಗಿದ್ದಕ್ಕೆ ನೀನ್ಯಾಕೆ ಸಾಯ್ತೀಯಾ?" ಎಂದು ಅಮ್ಮ ನನ್ನ ತಲೆ ಸವರಿದಳು. "ಬ್ಯಾಟರಿ ಕೈಕೊಟ್ಟರೆ ನೀನೇನು ಮಾಡ್ತೀಯಾ?" ಅಪ್ಪ ಮಾತ್ರ ಬ್ಯಾಟರಿಯನ್ನು ಬಿಡಲಿಲ್ಲ. ನಮ್ಮ ರಸ್ತೆಯವರ ವಾಟ್ಸಾಪ್ ಗುಂಪಿನಲ್ಲಿ ಬರೆದರು: 'ಭೈರೇಶ ಎಂಬುವವನು ನೋಡದೆಯೇ ಚೆನ್ನಾಗಿದೆ ಎಂದು ಹೇಳಿ ಹೋದ. ನನ್ನ ತಾಯಿ ತೀರಿಕೊಂಡರು. ಅವನನ್ನು ಯಾರೂ ಕರೆಯಬೇಡಿ.' ಕೆಳಗೆ ಮೂವತ್ತು ಜನ ಕೈಮುಗಿದಿದ್ದರು. ನಾನೂ ಆ ಗುಂಪಿನಲ್ಲಿದ್ದೇನೆ. ನೋಡಿದೆ, ಮುಚ್ಚಿದೆ. ಡೈರಿಯಲ್ಲಿ ಆ ಬುಧವಾರದಿಂದೀಚೆಗೆ ಒಂದಕ್ಷರ ಬರೆದಿರಲಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಮೊದಲ ಭಾನುವಾರ ಬೆಳಿಗ್ಗೆ ಭೈರೇಶ ತಾನೇ ಬಂದು ಬಾಗಿಲಲ್ಲಿ ನಿಂತ. ಗಡ್ಡ ಬಿಟ್ಟಿದ್ದ. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬಂದಿದ್ದ.

"ಸಾರ್, ಬೈಯಿರಿ, ಬೈಸ್ಕೋತೀನಿ. ಒಂದೇ ಒಂದ್ಸಲ ಆ ಬ್ಯಾಟರಿ ನೋಡೋಕೆ ಬಿಡಿ."

"ನೋಡಿ ಏನ್ಮಾಡ್ತೀಯೋ? ನಮ್ಮಮ್ಮನ್ನ ವಾಪಸ್ ತರ್ತೀಯಾ?"

ಭೈರೇಶ್ ಅವರೇ ಎನ್ನುತ್ತಿದ್ದ ಅಪ್ಪ ಅವನನ್ನು ಎದುರಿಗೆ ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಹದಿನೇಳು ಮನೆಯವರು ಬರಬೇಡ ಅಂದ್ರು ಸಾರ್. ನಂದೇ ತಪ್ಪಿದ್ರೆ ಅಂಗಡಿ ಮುಚ್ತೀನಿ. ತಪ್ಪು ಎಲ್ಲಾಯ್ತು ಅಂತನಾದ್ರೂ ಗೊತ್ತಾಗ್ಲಿ."

ಅಪ್ಪ ಒಳಗೆ ನಡೆದು, ಅಜ್ಜಿಯ ಕೋಣೆಯ ಬಾಗಿಲು ತೆರೆದರು. ಬಾಡಿಗೆಗೆ ತಂದ ಆಕ್ಸಿಜನ್ ಯಂತ್ರವನ್ನು ಇನ್ನೂ ಹಿಂದಿರುಗಿಸಿರಲಿಲ್ಲ.

"ಅದನ್ನೇ ಹಚ್ಚೋಣ. ಫ್ಯಾನೂ ಹಾಕೋಣ. ಮೇನ್ ಆಫ್ ಮಾಡ್ತೀನಿ. ಮೂರೂವರೆ ಗಂಟೆ ನಾನಿಲ್ಲೇ ಕೂತಿರ್ತೀನಿ," ಎಂದರು. "ಅದಕ್ಕಿಂತ ಮುಂಚೆ ನಿಂತರೆ, ನಮ್ಮಮ್ಮನ ಫೋಟೋ ಮುಂದೆ ನಿಂತು ಒಪ್ಕೋ."

ಹತ್ತು ಗಂಟೆಗೆ ಮೇನ್ ಸ್ವಿಚ್ ಇಳಿಸಿದರು. ಪುಸ್. ತಡೆದು, ಪುಸ್. ಖಾಲಿ ಮಂಚದ ಮೇಲೆ ನಳಿಕೆ ಬಿದ್ದಿತ್ತು, ಅದರ ತುದಿಯಿಂದ ಗಾಳಿ ಬರುತ್ತಿತ್ತು. ಅಮ್ಮ ಆ ಸದ್ದು ತಾಳಲಾರದೆ ಅಡುಗೆಮನೆ ಸೇರಿಕೊಂಡಳು. ಅಪ್ಪ ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತರು. ಭೈರೇಶ ಇನ್ವರ್ಟರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ.

ಹನ್ನೊಂದಾಯಿತು. ಅಮ್ಮ ಕೊಟ್ಟ ನೀರನ್ನು ಭೈರೇಶನಿಗೆ ಕೊಟ್ಟೆ. ಅವನು ಲೋಟ ಹಿಡಿದುಕೊಂಡೇ ಕೂತ, ಕುಡಿಯಲಿಲ್ಲ.

"ಮೇಡಂ," ಎಂದ ತಗ್ಗಿದ ದನಿಯಲ್ಲಿ. "ಅವತ್ತು ಆರು ಮುಚ್ಚಳಾನೂ ತೆಗೆದಿದ್ನಾ ನಾನು? ನೀವು ಇಲ್ಲೇ ಓಡಾಡ್ತಾ ಇದ್ರಲ್ವಾ, ನೋಡಿದ್ರಾ? ತೆಗೆದೆ ಅಂತ್ಲೇ ನೆನಪು. ಆದ್ರೆ ದಿನಾ ರಾತ್ರಿ ಕಣ್ಣು ಮುಚ್ಚಿದ್ರೆ ಐದೇ ಕಾಣ್ಸುತ್ತೆ. ಅಜ್ಜಿ ಜೊತೆ ಮಾತಾಡ್ತಾ ಒಂದು ಬಿಟ್ಬಿಟ್ನೇನೋ. ನಾನೇ ಕೊಂದ್ನೇನೋ ಮೇಡಂ ಅವ್ರನ್ನ."

ಅವನು ಆರೂ ತೆಗೆದದ್ದನ್ನು ನಾನು ನೋಡಿದ್ದೆ.

ಗಡಿಯಾರದಲ್ಲಿ ಹನ್ನೊಂದು ಮೂವತ್ತು. ಅಪ್ಪನಿಗೆ ಗೊತ್ತಿಲ್ಲದ ಒಂದು ನಿಮಿಷ ನನಗೆ ಗೊತ್ತಿತ್ತು, ಹನ್ನೊಂದು ನಲವತ್ತಮೂರು, ಅದು ಹತ್ತಿರ ಬರುತ್ತಿತ್ತು. ಬ್ಯಾಟರಿ ಆ ನಿಮಿಷವನ್ನು ದಾಟಿದರೆ, ಮತ್ತೇನು ಎಳೆಯಿತು ಎಂದು ಅಪ್ಪ ಹುಡುಕುತ್ತಾರೆ, ನಾನು ಸಿಕ್ಕಿಬೀಳುತ್ತೇನೆ. ಅವತ್ತು ಪೂರ್ತಿ ಬರಿದಾದದ್ದರಿಂದ ಬ್ಯಾಟರಿ ನಿಜವಾಗಿಯೂ ಸೊರಗಿ, ಮೂರೂವರೆ ಗಂಟೆಗೆ ಮುಂಚೆಯೇ ನಿಂತರೆ, ಈ ಮನುಷ್ಯ ಅಜ್ಜಿಯ ಫೋಟೋದ ಮುಂದೆ ನಿಂತು ತಾನು ಮಾಡದ್ದನ್ನು ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡದ್ದನ್ನು ಸಾಯುವವರೆಗೆ ನಂಬುತ್ತಾನೆ.

ಪುಸ್. ತಡೆದು, ಪುಸ್.

ಚೌಕಟ್ಟನ್ನು ಹಿಡಿದುಕೊಂಡೆ. ಹನ್ನೊಂದು ಮೂವತ್ತೊಂದು.

"ಅಪ್ಪಾ," ಎಂದೆ.

ಅಪ್ಪ ಗಡಿಯಾರದಿಂದ ತಲೆ ಎತ್ತಿದರು. ಭೈರೇಶನೂ ನೋಡಿದ.

"ಬ್ಯಾಟರಿ ಚೆನ್ನಾಗೇ ಇತ್ತು. ಖಾಲಿ ಮಾಡಿದ್ದು ನಾನು. ಅವತ್ತು ನನ್ನ ಸರ್ವರ್ ಕೆಂಪು ಟೇಪಿನ ಸಾಕೆಟ್‌ನಲ್ಲಿತ್ತು."