ಎಪ್ಪತ್ತೊಂಬತ್ತನೆಯ ಇಸವಿಯ ಹಲಗೆಗಳು

ಎರಡು ಸಾವಿರದ ಇಸವಿ ಬಂತೆಂದು ಜಗತ್ತೆಲ್ಲ ಕುಣಿಯುತ್ತಿದ್ದಾಗ, ಹಾವೇರಿಯಿಂದ ದಿನಾ ಬಸ್ಸಿನಲ್ಲಿ ಬ್ಯಾಡಗಿಗೆ ಬಂದು ಇತಿಹಾಸ ಕಲಿಸುತ್ತಿದ್ದ ನಿರ್ಮಲಾ, ಕಾಲೇಜಿನ ವಾರ್ಷಿಕ ಗ್ಯಾದರಿಂಗಿನ ಒಂದು ದೃಶ್ಯಕ್ಕೆ ಕ್ರಿ.ಶ. ಎಪ್ಪತ್ತೊಂಬತ್ತನ್ನು ಆರಿಸಿಕೊಂಡಳು. ವೇದಿಕೆಯ ಮೇಲೆ ಬೇರೆ ಬೇರೆ ವೇಷದ ಐದು ಹುಡುಗರು, ಕೈಯಲ್ಲಿ ಒಂದೊಂದು ಶಕೆಯ ಹಲಗೆ. ಅದೇ ವರ್ಷ ರೋಮಿನವರ ಲೆಕ್ಕಕ್ಕೆ ಎಂಟುನೂರ ಮೂವತ್ತೆರಡು, ವಿಕ್ರಮ ಶಕೆಗೆ ನೂರ ಮೂವತ್ತಾರು, ಕಲಿಯುಗಕ್ಕೆ ಮೂರು ಸಾವಿರ ದಾಟಿತ್ತು, ಶಾಲಿವಾಹನ ಶಕೆಗೆ ಬರೀ ಒಂದು. ಐದನೆಯದು ಮುಸ್ಲಿಮರ ಹಿಜರಿ. ಅದನ್ನು ಜಹಾಂಗೀರನ ಕೈಗೆ ಕೊಡುವಾಗ ಆಕೆ ಗಳಿಗೆ ಹೊತ್ತೂ ಯೋಚಿಸಿರಲಿಲ್ಲ.

ಗ್ಯಾದರಿಂಗಿನ ದಿನ ಬೆಳಿಗ್ಗೆ ಅಂಕಿ ಬರೆಯಲು ಕುಂಚ ಹಿಡಿದಾಗಲೇ ಆಕೆಗೆ ಹೊಳೆದದ್ದು. ಹಿಜರಿ ಶುರುವಾಗಲು ಇನ್ನೂ ಐದು ಶತಮಾನ ಬೇಕಿತ್ತು!

"ನಿನ್ನ ವರ್ಷ ಇನ್ನೂ ಹುಟ್ಟೇ ಇಲ್ಲಪಾ. ನೀ ಪರದೆ ಎಳಿ," ಎಂದಳು. ಹುಡುಗರು ನಕ್ಕರು. ಜಹಾಂಗೀರನೂ ನಕ್ಕ.

ಸಂಜೆ ಅವನ ಅಪ್ಪ, ಟೇಲರ್ ರಹಿಮಾನಸಾಬ, ತಾನೇ ಹೊಲಿದ ಹಸಿರು ಶೇರವಾನಿಯನ್ನು ತೋಳ ಮೇಲೆ ಹಾಕಿಕೊಂಡು ವೇದಿಕೆಯ ಹಿಂದೆ ಬಂದ. ಮಗ ಅಪ್ಪನಿಗೆ ಏನೂ ಹೇಳಿರಲಿಲ್ಲ.

"ಗುಂಡಿ ಹಚ್ಚೂದು ತಡ ಆತ್ರಿ ಮ್ಯಾಡಂ. ಎಲ್ಲ್ಯದಾನ್ರಿ ನಮ್ಮಾಂವ?"

ನಿರ್ಮಲಾ ವಿವರಿಸಿದಳು. ಆ ವರ್ಷ ಹಿಜರಿ ಇರಲೇ ಇಲ್ಲ. ಇತಿಹಾಸವನ್ನು ತಿರುಚಲು ಬರುವುದಿಲ್ಲ.

"ಅದೂ ಖರೇನ ಬಿಡ್ರಿ." ಆತ ಬೆಡ್‌ಶೀಟು ಸುತ್ತಿಕೊಂಡು ನಿಂತಿದ್ದ ರೋಮನ್ ಕೊಟ್ರೇಶನತ್ತ ನೋಡಿದ. "ತಮ್ಮಾ, ನಿಂದು ಯಾವೂರೋ?"

"ಮೋಟೆಬೆನ್ನೂರ್ರಿ ಕಾಕಾ."

"ಹೌದನು? ನಾ ರೋಮಿನಾಂವ ಅನ್ಕೊಂಡಿದ್ನೆಪಾ."

ಎಲ್ಲರೂ ಗೊಳ್ಳೆಂದರು. ನಿರ್ಮಲಾಳಿಗೆ ಮಾತ್ರ ಆ ಮಾತು ತಾಗಿತು. ಮೋಟೆಬೆನ್ನೂರಿನ ಹುಡುಗ ರೋಮಿನವನಾಗಬಹುದಾದರೆ ಬ್ಯಾಡಗಿಯ ಜಹಾಂಗೀರ ಯಾಕಾಗಬಾರದು? ಹೆಸರು ನೋಡಿ ಹಲಗೆ ಕೊಟ್ಟಿದ್ದಳು. ಆ ಹಲಗೆ ಹೋದ ಕೂಡಲೇ ಹುಡುಗನನ್ನೂ ತೆಗೆದಿದ್ದಳು.

"ಜಹಾಂಗೀರ, ಶಾಲಿವಾಹನ ಶಕೆದ್ದು ನೀ ಹಿಡೀತಿಯೇನು?" ಎಂದು ಪರದೆಯ ಹಗ್ಗ ಹಿಡಿದು ನಿಂತಿದ್ದವನನ್ನು ಕೇಳಿದಳು.

"ಬ್ಯಾಡ್ರಿ ಮ್ಯಾಡಂ. ಮೈಲಾರೆಪ್ಪ ಆಗ್ಲೇ ಮೀಸಿ ಅಂಟಿಸ್ಕೊಂಡಾನ್ರಿ."

ದೃಶ್ಯಕ್ಕೆ ಭಾರೀ ಚಪ್ಪಾಳೆ ಬಿತ್ತು. ಪ್ರಾಂಶುಪಾಲರು ಆಕೆಯನ್ನು ಮೈಕಿನ ಮುಂದೆ ನಿಲ್ಲಿಸಿದರು. ಎರಡನೆಯ ಸಾಲಿನಲ್ಲಿ ರಹಿಮಾನಸಾಬ ಕೂತಿದ್ದ.

"ನನ್ನಿಂದ ಒಂದು ತಪ್ಪಾಗಿದೆ. ಕ್ಷಮಿಸಬೇಕು," ಎಂದಳು.

ವಂದನಾರ್ಪಣೆಯಲ್ಲಿ ಎಲ್ಲರೂ ಹೇಳುವ ಮಾತು. ಮುಗಿಯಿತೆಂದುಕೊಂಡು ಜನ ಚಪ್ಪಾಳೆ ತಟ್ಟಿ, ಎದ್ದು, ಚಪ್ಪಲಿ ಹುಡುಕತೊಡಗಿದರು. ರಹಿಮಾನಸಾಬನೂ ತಟ್ಟಿದ. ತಪ್ಪು ಯಾವುದೆಂದು ಹೇಳಲು ಮೈಕು ಇನ್ನೂ ಆಕೆಯ ಮುಂದೆಯೇ ಇತ್ತು. ಆಕೆ ನಮಸ್ಕಾರ ಮಾಡಿ ಕೆಳಗಿಳಿದಳು.